ಪ್ರಧಾನ ಅರ್ಜಿದಾರರು

ಅರ್ಜಿಯ ಮೊದಲ ಕಾಲಮ್ಮಿನಲ್ಲೇ ಸಿಕ್ಕಿಬಿದ್ದೆವು.
'ಪ್ರಧಾನ ಅರ್ಜಿದಾರರ ಹೆಸರು':
ಇರುವುದು ಒಂದು ಗೆರೆ,
ನಾವು ಮೂರು ಜನ.

ಕಬ್ಬನ್‌ಪೇಟೆಯ ಈ ಗಲ್ಲಿಯಲ್ಲಿ ಮಗ್ಗ ಓಡುವಾಗ
ಲೋಟದ ಟೀ ತಾನಾಗಿಯೇ ನಡುಗುತ್ತದೆ.
ಲ್ಯಾಪ್‌ಟಾಪನ್ನು ನೂಲಿನ ಚೀಲದ ಮೇಲಿಟ್ಟು
ನಾನು ಓದುತ್ತೇನೆ, ಅವರಿಬ್ಬರು ಕೇಳುತ್ತಾರೆ
ಯುಗಾದಿಯ ಪಂಚಾಂಗ ಶ್ರವಣದ ಹಾಗೆ:
ಆದಾಯ ಎಷ್ಟು, ವ್ಯಯ ಎಷ್ಟು.

'ಸಹಯೋಗದ ಸ್ವರೂಪವನ್ನು ಇನ್ನೂರು ಪದಗಳಲ್ಲಿ ವಿವರಿಸಿ.'
"ಸಹಯೋಗ ಅಂದ್ರೆ?" ಅಂದಳು ಚೌಡಕ್ಕ.
ಕೂಡಿ ಮಾಡೋದು.
"ಅದಕ್ಕೆ ಇನ್ನೂರು ಪದ ಯಾಕೆ?"

ಆದರೂ ಬರೆದೆ.
ಚೌಡಕ್ಕ ಸೀರೆಯಂಚಿನ ಡಿಸೈನಿಗೆ ರಟ್ಟು ತೂತು ಹಾಕುವವಳು,
ಮೂವತ್ತೊಂದು ವರ್ಷ. ಅವಳು ಒತ್ತಿದ ನವಿಲುಗಳು
ಯಾರ್ಯಾರದೋ ಮದುವೆಯ ಆಲ್ಬಮ್ಮಿನಲ್ಲಿವೆ.
ದಸ್ತಗೀರ್ ಸಾಹೇಬರು ಬೋರ್ಡು ಬರೆಯುವವರು.
ಅವೆನ್ಯೂ ರಸ್ತೆಯಿಂದ ಕಲಾಸಿಪಾಳ್ಯದ ತನಕ
ಅವರ ಕೈಯ ಳಕಾರ ದೂರದಿಂದಲೇ ಗುರುತು ಸಿಗುತ್ತಿತ್ತು,
ಫ್ಲೆಕ್ಸು ಬರುವವರೆಗೆ.
ನಾನು ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು,
ಮನೆಯಲ್ಲಿ, ಮಗ ಮಲಗಿದ ಮೇಲೆ, ಲಿನೋ ಕೊರೆಯುತ್ತೇನೆ.
ಸಾಹೇಬರ ಅಕ್ಷರವನ್ನು ಇವಳು ರಟ್ಟಿನಲ್ಲಿ ತೂತಾಗಿಸುತ್ತಾಳೆ,
ರಟ್ಟಿನ ಹಿಂದೆ ದೀಪ, ಮುಂದೆ ಗಲ್ಲಿಯ ಬೋಳು ಗೋಡೆ.
ಮುಚ್ಚಿಹೋದ ಅಂಗಡಿಗಳ ಹೆಸರು ಒಂದೊಂದೇ ಹತ್ತಿಕೊಳ್ಳುತ್ತದೆ:
ಶ್ರೀ ಬನಶಂಕರಿ ಬಣ್ಣದ ಕಾರ್ಖಾನೆ.
ನ್ಯೂ ಮದೀನಾ ಗಡಿಯಾರ ರಿಪೇರಿ.

ಎಣಿಸಿದರೆ ಹದಿನಾಲ್ಕು ಪದ ಹೆಚ್ಚು.
ನವಿಲುಗಳನ್ನು ತೆಗೆದೆ.

ಆಮೇಲೆ ಬಜೆಟ್ಟು.
ರಟ್ಟು, ದೀಪ, ಎನಾಮೆಲ್, ಏಣಿಯ ಬಾಡಿಗೆ: ಸರಿ.
ಟೀಗೆ ಬಿಲ್ಲಿಲ್ಲ, ಹಾಗಾಗಿ ಟೀ ಇಲ್ಲ.
'ಕಲಾವಿದರ ಸಂಭಾವನೆ
ಒಟ್ಟು ಮೊತ್ತದ ಶೇಕಡಾ ಹದಿನೈದನ್ನು ಮೀರತಕ್ಕದ್ದಲ್ಲ.'
ರಟ್ಟಿಗಿಂತ ಕೈ ಅಗ್ಗ ಅಂತಾಯಿತು.
ಸಾಹೇಬರ ಕಣ್ಣಿನ ಪೊರೆಗೆ ಶೀರ್ಷಿಕೆಯೇ ಇರಲಿಲ್ಲ.
'ಉಪಕರಣ ದುರಸ್ತಿ' ಎಂದು ಹಾಕಿದೆ.
ಅವರು ನಕ್ಕರು: "ಸುಳ್ಳೇನಲ್ಲ ಬಿಡಿ ಮೇಡಂ."

'ಯೋಜನೆಯಿಂದ ಸಮುದಾಯದ ಮೇಲಾಗುವ ಪರಿಣಾಮ?'
ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು.
ಮೂವರೂ ಸುಮ್ಮನೆ ಕೂತೆವು.
ಮಹಡಿಯಲ್ಲಿ ಯಾರೋ ಮಗುವಿಗೆ ಮಗ್ಗಿ ಹೇಳಿಸುತ್ತಿದ್ದರು,
ಹದಿಮೂರರದು, ಪ್ರತಿಸಲ ಏಳಕ್ಕೆ ಬಂದು ಎಡವುತ್ತಿತ್ತು.

"ಹೆಸರು ನಿಮ್ಮದೇ ಹಾಕಿ, ಓದಿದೋರು,
ಪ್ಯಾನ್ ಕಾರ್ಡಿದೆ," ಅಂದರು ಇಬ್ಬರೂ.
ಬೇಡ ಬೇಡ ಅಂದೆ. ಸುಳ್ಳು ಯಾಕೆ,
ಬೆರಳು ಆಗಲೇ ಪ್ರಮೀಳಾದ ಪ್ರ ಒತ್ತಿತ್ತು.

ಸಹ-ಅರ್ಜಿದಾರರ ಸಹಿಗೆ ಎರಡು ಚೌಕ.
ಚೌಡಕ್ಕ ಹಾಲಿನ ಲೆಕ್ಕ ಬರೆದಂತೆ ಚಕ್ಕನೆ ಬರೆದಳು.
ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ
ಚೀಲದಿಂದ ಎರಡನೇ ನಂಬರಿನ ಬ್ರಷ್ಷು ತೆಗೆದರು.
ಪೇಟೆಯ ಹೆಸರನ್ನೆಲ್ಲ ಬರೆದ ಕೈ
ತನ್ನ ಹೆಸರಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡಿತು.
ದಕಾರದ ಹೊಟ್ಟೆಗೆ ನೆರಳು, ದೀರ್ಘಕ್ಕೊಂದು ಬಳುಕು,
ಸಕಾರದ ತವೊತ್ತು ಚೌಕದಿಂದ ಕೆಳಗಿಳಿದು
ನಿಬಂಧನೆಗಳ ಒಂಬತ್ತನೇ ಕಲಮಿನ ಮೇಲೆ
ಕಾಲು ಚಾಚಿ ಕೂತಿತು.

ಎರಡು ವಾರಕ್ಕೆ ಉತ್ತರ ಬಂತು:
'ಸಹಿ ಚೌಕದೊಳಗೆ ಇರತಕ್ಕದ್ದು. ಮರುಸಲ್ಲಿಸಿ.
ಕೊನೆಯ ದಿನ ಶುಕ್ರವಾರ.'

ಇವತ್ತು ಗುರುವಾರ.
ಚೌಡಕ್ಕ ಮೊದಲ ರಟ್ಟನ್ನು ಒತ್ತಿಯೇ ಬಿಟ್ಟಿದ್ದಾಳೆ,
ಯಾವ ಶೀರ್ಷಿಕೆಗೂ ಸೇರದ ಖರ್ಚಿನಲ್ಲಿ.
ಹಿಂದಿನಿಂದ ಮೊಬೈಲಿನ ಟಾರ್ಚು ಹಿಡಿದೆ.
ಗೋಡೆಯ ಮೇಲೆ, ಸುಣ್ಣ ಉದುರಿದಲ್ಲಿ ಕುತ್ತಿಗೆ ಸೊಟ್ಟಗಾಗಿ,
ಅಂಗಡಿಯ ಹೆಸರಲ್ಲ,
ಒಂದು ನವಿಲು.
"ನೀನು ಹೊಡೆದು ಹಾಕಿದೆಯಲ್ಲ, ಅದು," ಅಂದಳು.

ಸಾಹೇಬರು ಹೊಸ ಪ್ರಿಂಟಿನ ಮುಂದೆ ಕೂತು
ಚೌಕವನ್ನು ಹೆಬ್ಬೆರಳಿನಿಂದ ಅಳೆಯುತ್ತಿದ್ದಾರೆ.
ಬಾಲ್ ಪೆನ್ನು ಇದೆಯಾ ಅಂತ
ಕೇಳುತ್ತಿದ್ದಾರೆ.